ಮೆಯರ್‌ಹೋಲ್ಡ್: ನಟನೊಳಗಿನ ನಿರ್ದೇಶಕ

ವ್ಸೆವೊಲೊದ್ ಮೆಯರ್‌ಹೋಲ್ಡ್ ರಷ್ಯನ್ ರಂಗಭೂಮಿಯಲ್ಲಿ ನಟನಾಗಿ ಕಾಲಿಟ್ಟು ನಿರ್ದೇಶಕನಾಗಿ ಹೆಸರಾದವನು. ವಾಸ್ತವವಾದಿ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಬಳಿ ಪಳಗಿದ ಅವನು ಸ್ತಾನಿಸ್ಲಾವ್‌ಸ್ಕಿಯ ದಾರಿಗೆ ಎದುರಾದ ದಾರಿಯನ್ನೇ ಹಿಡಿದ. ರಂಗದ ಮೇಲಿನ ಬದುಕು ನಿಜದ ಬದುಕಿನಂತೆಯೇ ಕಾಣಬೇಕೆಂಬ ಹಟವನ್ನು ಅವನಷ್ಟು ದೀರ್ಘಕಾಲ, ಅವನಷ್ಟು ಬಗೆಯಲ್ಲಿ ಪ್ರಶ್ನಿಸಿದ ನಿರ್ದೇಶಕ ಆ ಕಾಲದಲ್ಲಿ ಇನ್ನೊಬ್ಬನಿರಲಿಲ್ಲ. ಅವನ ಮೇಲಿದ್ದ ದೂರೂ ಅಷ್ಟೇ ದೀರ್ಘಕಾಲ ಉಳಿಯಿತು: ಮೆಯರ್‌ಹೋಲ್ಡ್ ನಟರನ್ನು ಬೊಂಬೆ ಮಾಡುತ್ತಾನೆ ಎಂಬ ದೂರು. ಆದರೆ ಅವನ ಶಾಲೆಯಿಂದ ಹೊರಬಂದ ನಟರ ಸಾಲನ್ನು ನೋಡಿದರೆ ಈ ಮಾತನ್ನು ಇದ್ದಂತೆಯೇ ಒಪ್ಪುವುದು ಕಷ್ಟ.

ಅವನು ಹುಟ್ಟಿದ್ದು 1874ರ ಜನವರಿ 28ರಂದು (ಈಗಿನ ಪಂಚಾಂಗದ ಪ್ರಕಾರ ಫೆಬ್ರವರಿ 9), ಪೆನ್ಜಾ ಎಂಬ ಪ್ರಾಂತೀಯ ಪಟ್ಟಣದಲ್ಲಿ. ಮನೆಯವರು ಲೂಥರನ್ ಮತದ ಜರ್ಮನ್ನರು. ತಂದೆ ಎಮಿಲ್ ಮದ್ಯದ ಭಟ್ಟಿಯ ಒಡೆಯ. ಎಂಟನೆಯ ಮಗುವಿಗೆ ಇಟ್ಟ ಹೆಸರು ಕಾರ್ಲ್ ಕಾಸಿಮಿರ್ ಥಿಯೋಡೋರ್. 21ನೆಯ ಹುಟ್ಟುಹಬ್ಬದ ಹೊತ್ತಿಗೆ ಅವನು ಆರ್ಥೊಡಾಕ್ಸ್ ಮತಕ್ಕೆ ಸೇರಿ, ತಾನು ಮೆಚ್ಚಿದ ಕಥೆಗಾರ ವ್ಸೆವೊಲೊದ್ ಗಾರ್ಶಿನ್‌ನ ಹೆಸರನ್ನು ತನ್ನದಾಗಿಸಿಕೊಂಡ. 1895ರಲ್ಲಿ ಕಾನೂನು ಓದಲು ಮಾಸ್ಕೋ ವಿಶ್ವವಿದ್ಯಾಲಯಕ್ಕೆ ಸೇರಿದರೂ ಮನಸ್ಸು ನಾಟಕದಲ್ಲಿತ್ತು. ಮರುವರ್ಷವೇ ಓಲ್ಗಾ ಮುಂತ್ ಎಂಬಾಕೆಯನ್ನು ಮದುವೆಯಾಗಿ, ಕಾನೂನು ಬಿಟ್ಟು, ಮಾಸ್ಕೋ ಫಿಲ್‌ಹಾರ್ಮೊನಿಕ್ ಸೊಸೈಟಿಯ ನಾಟಕಶಾಲೆ ಸೇರಿದ. ಅಲ್ಲಿ ಅವನ ಗುರು ವ್ಲದೀಮಿರ್ ನೆಮಿರೊವಿಚ್-ದಾನ್ಚೆಂಕೊ. 1898ರಲ್ಲಿ ಕಲಿಕೆ ಮುಗಿದಾಗ ಬೆಳ್ಳಿ ಪದಕ ಪಡೆದವರಲ್ಲಿ ಒಬ್ಬ ಮೆಯರ್‌ಹೋಲ್ಡ್. ಇನ್ನೊಬ್ಬಳು ಓಲ್ಗಾ ಕ್ನಿಪ್ಪರ್, ಮುಂದೆ ನಾಟಕಕಾರ ಚೆಕಾವ್‌ನ ಹೆಂಡತಿಯಾದವಳು.

ಅದೇ ವರ್ಷ ಸ್ತಾನಿಸ್ಲಾವ್‌ಸ್ಕಿ ಮತ್ತು ನೆಮಿರೊವಿಚ್-ದಾನ್ಚೆಂಕೊ ಕಟ್ಟಿದ ಮಾಸ್ಕೋ ಆರ್ಟ್ ಥಿಯೇಟರಿಗೆ ಇಬ್ಬರೂ ಸೇರಿದರು. ಮೊದಲ ನಾಟಕ 'ತ್ಸಾರ್ ಫ್ಯೋದೊರ್ ಇವಾನೊವಿಚ್'ನಲ್ಲಿ ಮೆಯರ್‌ಹೋಲ್ಡ್ ಕುಟಿಲ ಸರದಾರ ವಸೀಲಿ ಶೂಯ್‌ಸ್ಕಿಯಾದ. ಡಿಸೆಂಬರಿನಲ್ಲಿ ಚೆಕಾವ್‌ನ 'ಸೀಗಲ್' ರಂಗಕ್ಕೆ ಬಂದಾಗ ಅವನ ಪಾಲಿಗೆ ಬಂದದ್ದು ತ್ರೆಪ್ಲೆವ್‌ನ ಪಾತ್ರ: ಹಳೆಯ ನಾಟಕ ಸತ್ತಿದೆ, ಹೊಸ ರೂಪಗಳು ಬೇಕು ಎಂದು ಚಡಪಡಿಸುವ ಎಳೆಯ ಲೇಖಕ. ಪಾತ್ರವೂ ಪಾತ್ರಧಾರಿಯೂ ಹೀಗೆ ಒಂದಾಗುವುದು ಅಪರೂಪ. 1901ರ 'ತ್ರೀ ಸಿಸ್ಟರ್ಸ್'ನಲ್ಲಿ ತೂಜೆನ್‌ಬಾಖ್, ಹೌಪ್ಟ್‌ಮನ್‌ನ 'ಲೋನ್ಲಿ ಪೀಪಲ್'ನಲ್ಲಿ ಯೊಹಾನೆಸ್, ಅಲೆಕ್ಸೇಯ್ ತಲ್‌ಸ್ತೋಯ್‌ನ ನಾಟಕದಲ್ಲಿ ಕ್ರೂರ ಇವಾನ್ – ನಾಲ್ಕು ಋತುಗಳಲ್ಲಿ ಒಟ್ಟು 18 ಪಾತ್ರ. ಸಣಕಲು ಮೈ, ಉದ್ದ ಮೂಗು, ಒಡಕಲು ದನಿ. ನಾಯಕನ ಪಾತ್ರಕ್ಕೆ ಹೇಳಿಮಾಡಿಸಿದ ಆಳಲ್ಲ. ನರಗಳು ಬಿಗಿದುಕೊಂಡ, ಒಳಗೇ ಬೇಯುವ ಮನುಷ್ಯರನ್ನು ಅವನು ಚೆನ್ನಾಗಿ ತೋರಿಸುತ್ತಿದ್ದ. ಯೊಹಾನೆಸ್‌ನ ಪಾತ್ರದ ಬಗ್ಗೆ ಅವನು ಬರೆದು ಕೇಳಿದಾಗ, ಆ ನರದೌರ್ಬಲ್ಯವನ್ನು ಎತ್ತಿ ತೋರಿಸಲು ಹೋಗಬೇಡ ಎಂದು ಚೆಕಾವ್ ಪತ್ರದಲ್ಲೇ ತಿದ್ದಿದ.

1902ರಲ್ಲಿ ಆರ್ಟ್ ಥಿಯೇಟರನ್ನು ಷೇರುದಾರರ ಸಂಸ್ಥೆಯಾಗಿ ಮರುರೂಪಿಸಿದಾಗ ಪಾಲುದಾರರ ಪಟ್ಟಿಯಲ್ಲಿ ಮೆಯರ್‌ಹೋಲ್ಡ್‌ನ ಹೆಸರಿರಲಿಲ್ಲ. ಅವನು ಸಂಸ್ಥೆ ಬಿಟ್ಟು, ಜೊತೆ ನಟ ಅಲೆಕ್ಸಾಂದರ್ ಕಶೆವೆರೊವ್‌ನೊಂದಿಗೆ ದಕ್ಷಿಣದ ಖೆರ್ಸೋನಿನಲ್ಲಿ ತಂಡ ಕಟ್ಟಿದ. ಮೊದಲು ಅಲ್ಲಿ ಆಡಿದ್ದು ಮಾಸ್ಕೋದ ಪ್ರಯೋಗಗಳ ನಕಲು. ಅವು ಗುಲಾಮೀ ನಕಲುಗಳೆಂದು ಮುಂದೆ ಅವನೇ ಒಪ್ಪಿಕೊಂಡ. ಸಣ್ಣ ಊರಿನಲ್ಲಿ ಪ್ರೇಕ್ಷಕರು ಕೆಲವೇ ಮಂದಿ, ಹಾಗಾಗಿ ಒಂದೇ ನಾಟಕ ಹೆಚ್ಚು ದಿನ ನಡೆಯದು. ವಾರದಲ್ಲಿ ಹಲವು ಹೊಸ ನಾಟಕ ಕಟ್ಟಬೇಕು, ಮುಖ್ಯ ಪಾತ್ರಗಳನ್ನು ತಾನೇ ಆಡಬೇಕು. ನಿರ್ದೇಶನದ ಕಸುಬನ್ನು ಅವನು ಕಲಿತದ್ದು ಈ ಓಟದಲ್ಲಿ. ನಕಲಿನಿಂದ ಹೊರಬರುವ ಸೂಚನೆ 1904ರ ಒಂದು ಪತ್ರದಲ್ಲಿದೆ. 'ಚೆರಿ ಆರ್ಚರ್ಡ್' ಚೈಕೋವ್‌ಸ್ಕಿಯ ಸಿಂಫನಿಯಂಥದು, ನಿರ್ದೇಶಕ ಅದನ್ನು ಮೊದಲು ಕಿವಿಯಿಂದ ಹಿಡಿಯಬೇಕು ಎಂದು ಅವನು ಚೆಕಾವ್‌ಗೇ ಬರೆದ. ಮೂರನೆಯ ಅಂಕದ ಕುಣಿತದ ಗದ್ದಲದೊಳಗೆ ಯಾರಿಗೂ ಅರಿವಾಗದಂತೆ ಭೀತಿ ನುಸುಳುತ್ತದೆ, ಮಾಸ್ಕೋದ ಪ್ರಯೋಗದಲ್ಲಿ ಅದು ಬಿಟ್ಟುಹೋಗಿದೆ ಎಂಬುದು ಅವನ ತಕರಾರು.

1905ರಲ್ಲಿ ಸ್ತಾನಿಸ್ಲಾವ್‌ಸ್ಕಿಯೇ ಅವನನ್ನು ಮರಳಿ ಕರೆದ. ಸಂಕೇತಪಂಥದ ನಾಟಕಗಳಿಗೆ ತನ್ನ ವಾಸ್ತವವಾದಿ ವಿಧಾನ ಒಗ್ಗುತ್ತಿಲ್ಲ ಎಂಬ ಅರಿವು ಅವನಿಗೂ ಆಗಿತ್ತು. ಮಾಸ್ಕೋದ ಪವರ್‌ಸ್ಕಾಯಾ ಬೀದಿಯಲ್ಲಿ, ಸ್ತಾನಿಸ್ಲಾವ್‌ಸ್ಕಿಯದೇ ಹಣದಲ್ಲಿ, ಪ್ರಯೋಗಗಳಿಗೆಂದೇ ಒಂದು ಸ್ಟುಡಿಯೊ ತಲೆಯೆತ್ತಿತು. ಮೇಟರ್ಲಿಂಕ್‌ನ 'ದ ಡೆತ್ ಆಫ್ ತೆಂತಜೀಲ್' ತಾಲೀಮು ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯಿತು. ಅಕ್ಟೋಬರಿನಲ್ಲಿ ಪೂರ್ಣ ರಂಗಸಜ್ಜಿಕೆಯೊಡನೆ ನೋಡುವಾಗ ರಂಗ ಮಬ್ಬಾಗಿತ್ತು. ನಟರ ಮುಖ ಕಾಣದ ಸ್ತಾನಿಸ್ಲಾವ್‌ಸ್ಕಿ ದೀಪ ಹೆಚ್ಚಿಸಲು ಹೇಳಿದ. ಬೆಳಕು ಬಿದ್ದದ್ದೇ ಸಪೂನೊವ್ ಮತ್ತು ಸುದೇಯ್ಕಿನ್ ಬರೆದ ದೃಶ್ಯಗಳ ಮಾಯೆ ಹರಿದುಹೋಯಿತು. ಅಷ್ಟರಲ್ಲಿ ಬೀದಿಯಲ್ಲಿ ಕ್ರಾಂತಿ ಎದ್ದಿತ್ತು. ಸ್ಟುಡಿಯೊ ಸಾರ್ವಜನಿಕರಿಗೆ ತೆರೆಯಲೇ ಇಲ್ಲ. ಸ್ತಾನಿಸ್ಲಾವ್‌ಸ್ಕಿ ತನ್ನ ಆತ್ಮಕಥೆಯಲ್ಲಿ ಈ ಪ್ರಸಂಗಕ್ಕೆ ಬಂದಾಗ, ಪ್ರತಿಭಾವಂತ ನಿರ್ದೇಶಕ ಅನುಭವವಿಲ್ಲದ ನಟರನ್ನು ಮೆತ್ತನೆಯ ಜೇಡಿಯಂತೆ ಬಳಸಿ ತನ್ನ ಕಲ್ಪನೆಯ ಹಿಂದೆ ಬಚ್ಚಿಟ್ಟ ಎಂಬ ಅರ್ಥದ ಮಾತಾಡುತ್ತಾನೆ. ದೂರು ಶುರುವಾದದ್ದು ಇಲ್ಲಿ.

ಮರುವರ್ಷ ಪೀಟರ್ಸ್‌ಬರ್ಗಿನ ಹೆಸರಾಂತ ನಟಿ ವೇರಾ ಕಮಿಸ್ಸರ್ಜೇವ್‌ಸ್ಕಾಯಾ ಅವನನ್ನು ತನ್ನ ಥಿಯೇಟರಿಗೆ ನಿರ್ದೇಶಕನಾಗಿ ಕರೆದಳು. 'ಹೆಡ್ಡಾ ಗಾಬ್ಲರ್', 'ಸಿಸ್ಟರ್ ಬಿಯಾಟ್ರಿಸ್' ಪ್ರಯೋಗಗಳಲ್ಲಿ ಆಳವಿಲ್ಲದ ಕಿರಿದಾದ ರಂಗ, ಗೋಡೆಯುಬ್ಬು ಶಿಲ್ಪಗಳಂತೆ ನಿಂತ ಪಾತ್ರಗಳು, ಏರಿಳಿತವಿಲ್ಲದ ತಣ್ಣನೆಯ ಮಾತು. ಇವುಗಳಿಗಿಂತ ಮುಖ್ಯವಾದದ್ದು 1906ರ ಡಿಸೆಂಬರ್ 30ರಂದು ಆಡಿದ ಅಲೆಕ್ಸಾಂದರ್ ಬ್ಲೋಕ್‌ನ 'ಬಲಗಾನ್ಚಿಕ್', ಅಂದರೆ ಜಾತ್ರೆಯ ಡೇರೆಯಾಟ. ರಂಗದ ಮೇಲೆ ಇನ್ನೊಂದು ಪುಟ್ಟ ರಂಗ. ಅದರ ಹಗ್ಗ, ತಂತಿ, ರಾಟೆ ಎಲ್ಲ ಬಯಲಿಗೆ. ನಾಟಕದೊಳಗೆ ಬರುವ 'ಲೇಖಕ' ತನ್ನ ಕೃತಿ ಕೆಟ್ಟುಹೋಯಿತೆಂದು ಗೋಳಾಡುವಾಗ ಅವನನ್ನು ಹಿಂದಿನಿಂದ ಯಾರೋ ಎಳೆದು ಪರದೆಯೊಳಗೆ ಸೇರಿಸುತ್ತಾರೆ. ದುಃಖಿ ವಿದೂಷಕ ಪಿಯೆರೋನ ಪಾತ್ರ ಮೆಯರ್‌ಹೋಲ್ಡ್‌ನದೇ: ಬಿಳಿಯ ದೊಗಲೆ ಉಡುಪು, ಕಡ್ಡಿಯಂಥ ಚಲನೆ, ಭಾವುಕತೆಯ ಲವಲೇಶವೂ ಇಲ್ಲದ ಅಳು. ಪ್ರೇಕ್ಷಾಗೃಹದಲ್ಲಿ ಅರ್ಧ ಮಂದಿ ಸಿಳ್ಳೆ ಹೊಡೆದು ಧಿಕ್ಕರಿಸಿದರು, ಅರ್ಧ ಮಂದಿ ಚಪ್ಪಾಳೆ ತಟ್ಟಿದರು. ತಾನು ನಿರ್ದೇಶನದಲ್ಲಿ ಹುಡುಕುತ್ತಿದ್ದುದನ್ನು ಅವನು ಆ ರಾತ್ರಿ ಮೊದಲು ತನ್ನ ಮೈಯಲ್ಲೇ ಆಡಿ ತೋರಿಸಿದ ಎನ್ನಬಹುದು.

ಕಮಿಸ್ಸರ್ಜೇವ್‌ಸ್ಕಾಯಾಗೆ ಈ ದಾರಿ ಹಿಡಿಸಲಿಲ್ಲ. ಆಕೆಯ ಪ್ರತಿಭೆ ಇದ್ದದ್ದೇ ಭಾವದ ಉಕ್ಕಿನಲ್ಲಿ. ಶಿಲ್ಪದಂತೆ ನಿಂತರೆ ಆಕೆ ಆಕೆಯಾಗಿ ಉಳಿಯುತ್ತಿರಲಿಲ್ಲ. 1907ರ ನವೆಂಬರಿನಲ್ಲಿ ಆಕೆ ಪತ್ರ ಬರೆದು ಅವನನ್ನು ಕೆಲಸದಿಂದ ಬಿಡಿಸಿದಳು: ಇದು ಬೊಂಬೆಯಾಟದ ಕಡೆಗೆ ಹೋಗುವ ದಾರಿ, ತನ್ನ ದಾರಿ ಬೇರೆ. ಋತುವಿನ ನಡುವೆ ಬಿಡಿಸಿದ್ದು ಸರಿಯಲ್ಲವೆಂದು ಅವನು ಮಧ್ಯಸ್ಥರ ಮುಂದೆ ಹೋದರೂ ತೀರ್ಪು ಆಕೆಯ ಪರವಾಗಿಯೇ ಬಂತು. ಆಕೆಯ ಮಟ್ಟಿಗೆ ಆ ಮಾತು ನ್ಯಾಯವೇ. ಆದರೆ ಅದೇ ವರ್ಷ ಬರೆದ ಪ್ರಬಂಧವೊಂದರಲ್ಲಿ ಮೆಯರ್‌ಹೋಲ್ಡ್ ಎರಡು ಬಗೆಯ ರಂಗವನ್ನು ಬಿಡಿಸಿ ತೋರಿಸಿದ್ದ. ಒಂದು ತ್ರಿಕೋನ: ಪ್ರೇಕ್ಷಕ ಲೇಖಕನನ್ನೂ ನಟನನ್ನೂ ನಿರ್ದೇಶಕನ ಮೂಲಕವೇ ನೋಡುತ್ತಾನೆ. ಇನ್ನೊಂದು ಸರಳರೇಖೆ: ಲೇಖಕನನ್ನು ನಿರ್ದೇಶಕ, ನಿರ್ದೇಶಕನನ್ನು ನಟ ಅರಗಿಸಿಕೊಂಡು, ಕೊನೆಗೆ ನಟನೊಬ್ಬನೇ ಪ್ರೇಕ್ಷಕನ ಎದುರು ನಿಲ್ಲುತ್ತಾನೆ. ಅವನು ಆರಿಸಿಕೊಂಡದ್ದು ಎರಡನೆಯದನ್ನು. 1913ರಲ್ಲಿ ಬಂದ 'ರಂಗಭೂಮಿಯನ್ನು ಕುರಿತು' ಎಂಬ ಅವನ ಪುಸ್ತಕದಲ್ಲಿ ಬೊಂಬೆಗೂ ಜಾಗವಿದೆ. ಮನುಷ್ಯನನ್ನು ಹೋಲಲು ಹೆಣಗುವ ಬೊಂಬೆ ಸೋಲುತ್ತದೆ, ತನ್ನ ಬೊಂಬೆತನವನ್ನು ಬಿಡದ ಬೊಂಬೆ ಮೋಡಿ ಮಾಡುತ್ತದೆ ಎಂಬುದು ಅಲ್ಲಿನ ವಾದ. ಬೊಂಬೆ ಅವನಿಗೆ ನಟನ ಬದಲಿಯಲ್ಲ, ನಟನಿಗೆ ಪಾಠ.

ಕೆಲಸ ಕಳೆದುಕೊಂಡ ಈ ಬಂಡಾಯಗಾರನನ್ನು 1908ರಲ್ಲಿ ಸಾಮ್ರಾಟನ ಥಿಯೇಟರುಗಳ ಅಧಿಕಾರಿ ವ್ಲದೀಮಿರ್ ತೆಲ್ಯಕೋವ್‌ಸ್ಕಿ ಕರೆದು ಅಲೆಕ್ಸಾಂದ್ರಿನ್‌ಸ್ಕಿ ಮತ್ತು ಮರೀನ್‌ಸ್ಕಿ ರಂಗಮಂದಿರಗಳಿಗೆ ನಿರ್ದೇಶಕನನ್ನಾಗಿ ನೇಮಿಸಿದ್ದು ಊರಿಗೆಲ್ಲ ಅಚ್ಚರಿ. ಅಲ್ಲಿ ಅವನು ಹತ್ತು ವರ್ಷ ಇದ್ದ. ಮರೀನ್‌ಸ್ಕಿಯಲ್ಲಿ ವಾಗ್ನರ್‌ನ 'ಟ್ರಿಸ್ಟಾನ್' (1909), ಗ್ಲುಕ್‌ನ 'ಓರ್ಫಿಯಸ್' (1911). ಅಲೆಕ್ಸಾಂದ್ರಿನ್‌ಸ್ಕಿಯಲ್ಲಿ 1910ರ ಮೊಲಿಯೇರ್‌ನ 'ಡಾನ್ ಜುವಾನ್'. ಚಿತ್ರಕಾರ ಗಲವೀನ್ ರಂಗವನ್ನು ಪ್ರೇಕ್ಷಕರ ಕಡೆಗೆ ಚಾಚಿದ. ಮುಂಬದಿಯ ಪರದೆ ತೆಗೆದುಹಾಕಿದ. ಆಟದುದ್ದಕ್ಕೂ ಪ್ರೇಕ್ಷಾಗೃಹದ ದೀಪ ಉರಿಯುತ್ತಲೇ ಇತ್ತು. ಎಳೆಯ ಆಳುಗಳ ವೇಷದವರು ಎಲ್ಲರ ಕಣ್ಣೆದುರೇ ಮೇಣದಬತ್ತಿ ಹಚ್ಚುತ್ತಿದ್ದರು, ನಾಯಕನ ರಿಬ್ಬನ್ ಕಟ್ಟುತ್ತಿದ್ದರು, ಕುರ್ಚಿ ಸರಿಸುತ್ತಿದ್ದರು. ಸ್ಗನರೆಲ್‌ನ ಪಾತ್ರದ ವರ್ಲಾಮೊವ್ ಭಾರೀ ಮೈಯ ಹಿರಿಯ ನಟ. ಓಡಾಡಲಾರ, ಮಾತು ಬಾಯಿಪಾಠ ಆಗದು. ನಿರ್ದೇಶಕ ಅವನನ್ನು ರಂಗದ ಅಂಚಿನ ಬೆಂಚಿನ ಮೇಲೆ ಕೂರಿಸಿ, ಪ್ರೇಕ್ಷಕರೊಡನೆ ಹರಟಲು ಬಿಟ್ಟ. ಮಾತು ಎತ್ತಿಕೊಡುವವರನ್ನೂ ಅಲಂಕೃತ ಮರೆಯ ಹಿಂದೆ ರಂಗದ ಮೇಲೆಯೇ ಇರಿಸಿದ. ನಟನ ಕೊರತೆಯಿಂದಲೇ ಪ್ರಯೋಗದ ಶೈಲಿ ಹುಟ್ಟಿಸಿದವನನ್ನು ನಟದ್ವೇಷಿ ಎನ್ನುವುದು ಹೇಗೆ?

ಸರ್ಕಾರಿ ಹುದ್ದೆಯಲ್ಲಿದ್ದುಕೊಂಡು ಹೊರಗೆ ಸ್ವಂತ ಹೆಸರಿನಲ್ಲಿ ಪ್ರಯೋಗ ಮಾಡುವಂತಿರಲಿಲ್ಲ. ಹಾಫ್‌ಮನ್‌ನ ಕಥೆಯಿಂದ ಎತ್ತಿಕೊಂಡ 'ಡಾಕ್ಟರ್ ದಪರ್ತುತ್ತೊ' ಎಂಬ ಹೆಸರಿನಡಿ ಅವನು ಕ್ಯಾಬರೆಗಳಲ್ಲಿ ಮೂಕನಾಟಕ ಆಡಿಸಿದ, 'ದ ಲವ್ ಫಾರ್ ತ್ರೀ ಆರೆಂಜಸ್' ಎಂಬ ಪತ್ರಿಕೆ ನಡೆಸಿದ, ಬರೋದಿನ್‌ಸ್ಕಾಯಾ ಬೀದಿಯ ಸ್ಟುಡಿಯೊದಲ್ಲಿ ಇಟಲಿಯ ಹಳೆಯ ಮುಖವಾಡ ನಾಟಕ ಕೊಮೆದಿಯಾ ದೆಲ್ಲಾರ್ತೆಯ ಮಟ್ಟುಗಳನ್ನು ಕಲಿಸಿದ. 1915ರಲ್ಲಿ 'ಡೋರಿಯನ್ ಗ್ರೇ' ಚಲನಚಿತ್ರ ನಿರ್ದೇಶಿಸಿ, ಅದರಲ್ಲಿ ಲಾರ್ಡ್ ಹೆನ್ರಿಯ ಪಾತ್ರವನ್ನೂ ಮಾಡಿದ. ಆ ಚಿತ್ರ ಈಗ ಉಳಿದಿಲ್ಲ. ಹಲವು ವರ್ಷಗಳ ಸಿದ್ಧತೆಯ ಬಳಿಕ ಲೆರ್ಮೊಂತೊವ್‌ನ 'ಮ್ಯಾಸ್ಕರೇಡ್' ತೆರೆ ಕಂಡದ್ದು 1917ರ ಫೆಬ್ರವರಿ 25ರಂದು. ಹೊರಗೆ ಬೀದಿಗಳಲ್ಲಿ ಗುಂಡಿನ ಸದ್ದು, ಒಳಗೆ ಚಿನ್ನದ ಬಣ್ಣದ ವೈಭವ. ಕೆಲವೇ ದಿನಗಳಲ್ಲಿ ಸಾಮ್ರಾಜ್ಯವೇ ಇರಲಿಲ್ಲ.

ಅಕ್ಟೋಬರ್ ಕ್ರಾಂತಿಯನ್ನು ಮೊದಲು ಸ್ವಾಗತಿಸಿದ ರಂಗಕರ್ಮಿಗಳಲ್ಲಿ ಮೆಯರ್‌ಹೋಲ್ಡ್ ಒಬ್ಬ. 1918ರಲ್ಲಿ ಬೋಲ್ಶೆವಿಕ್ ಪಕ್ಷ ಸೇರಿ, ಕ್ರಾಂತಿಯ ಮೊದಲ ವಾರ್ಷಿಕೋತ್ಸವಕ್ಕೆ ಮಯಕೋವ್‌ಸ್ಕಿಯ 'ಮಿಸ್ಟರಿ-ಬೂಫ್' ಆಡಿಸಿದ. ರಂಗಸಜ್ಜಿಕೆ ಚಿತ್ರಕಾರ ಮಲೆವಿಚ್‌ನದು. ಕ್ಷಯದ ಚಿಕಿತ್ಸೆಗೆಂದು ದಕ್ಷಿಣಕ್ಕೆ ಹೋದವನು 1919ರಲ್ಲಿ ನವರಸ್ಸೀಸ್ಕ್‌ನಲ್ಲಿ ಬೋಲ್ಶೆವಿಕ್ ವಿರೋಧಿ ಬಿಳಿಯ ಪಡೆಯವರ ಕೈಗೆ ಸಿಕ್ಕಿ ಜೈಲು ಸೇರಿದ. ಬದುಕಿ ಬಂದ ಅವನನ್ನು 1920ರಲ್ಲಿ ಶಿಕ್ಷಣ ಮಂತ್ರಿ ಲುನಚಾರ್‌ಸ್ಕಿ ಮಾಸ್ಕೋಗೆ ಕರೆಸಿ ನಾಟಕ ಇಲಾಖೆಯ ಮುಖ್ಯಸ್ಥನನ್ನಾಗಿಸಿದ. ಚರ್ಮದ ಕೋಟು ತೊಟ್ಟು, ರಂಗಭೂಮಿಯಲ್ಲೂ ಅಕ್ಟೋಬರ್ ನಡೆಯಬೇಕೆಂದು ಸಾರಿದ ಈ ಅಧಿಕಾರಾವಧಿ ಕೆಲವೇ ತಿಂಗಳಿನದು. ಹಳೆಯ ಥಿಯೇಟರುಗಳ ಮೇಲೆ ಅವನು ಆಗ ಹರಿಹಾಯ್ದ ರೀತಿಯನ್ನು ಅವನ ಅಭಿಮಾನಿಗಳೂ ಸಮರ್ಥಿಸಲಾರರು; ಮುಂದೆ ಅದೇ ಬಗೆಯ ಭಾಷೆ ಅವನ ಮೇಲೆಯೇ ತಿರುಗಿತು.

ಉಳಿದದ್ದು 1921ರಲ್ಲಿ ಅವನು ತೆರೆದ ನಿರ್ದೇಶಕರ ಕಮ್ಮಟ. ಸೆರ್ಗೇಯ್ ಐಸೆನ್‌ಸ್ಟೈನ್, ಇಗೋರ್ ಇಲ್ಯೀನ್‌ಸ್ಕಿ, ಮರೀಯಾ ಬಬಾನೋವಾ, ಎರಾಸ್ತ್ ಗಾರಿನ್ ಮೊದಲಾದವರು ಆ ಬಳಗದವರು. ಕವಿ ಯೆಸೆನಿನ್‌ನಿಂದ ಬೇರ್ಪಟ್ಟಿದ್ದ ಜಿನಾಯೀದಾ ರೈಖ್ ಕೂಡ ಅಲ್ಲಿ ಕಲಿಯಲು ಸೇರಿದಳು. 1922ರಲ್ಲಿ ಮೆಯರ್‌ಹೋಲ್ಡ್ ಆಕೆಯನ್ನು ಮದುವೆಯಾಗಿ ಆಕೆಯ ಇಬ್ಬರು ಮಕ್ಕಳನ್ನು ತನ್ನವರಂತೆ ಸಾಕಿದ. ಈ ಕಮ್ಮಟದಲ್ಲೇ 'ಬಯೋಮೆಕ್ಯಾನಿಕ್ಸ್' ರೂಪುಗೊಂಡದ್ದು. ಬಿಲ್ಲು ಹೂಡುವುದು, ಕಲ್ಲು ಬೀಸುವುದು, ಕಪಾಳಕ್ಕೆ ಹೊಡೆಯುವುದು, ಕಠಾರಿಯಿಂದ ಇರಿಯುವುದು, ಎದುರಾಳಿಯ ಎದೆಗೆ ನೆಗೆಯುವುದು – ಇಂಥ ಸಣ್ಣ ಸಣ್ಣ ಕ್ರಿಯೆಗಳ ಅಭ್ಯಾಸ. ಪ್ರತಿ ಕ್ರಿಯೆಗೂ ಮೂರು ಹಂತ: ಮುಂದೆ ಹೋಗುವ ಮುನ್ನ ಹಿಂದಕ್ಕೆ ಸರಿಯುವುದು, ಆಮೇಲೆ ಕ್ರಿಯೆ, ಕೊನೆಗೆ ಖಚಿತವಾದ ನಿಲುಗಡೆ. ಹೊಡೆಯುವ ಕೈ ಮೊದಲು ಹಿಂದೆ ಹೋಗಬೇಕು. ಆ ಹಿಂಜರಿತವನ್ನು ಕಂಡ ಪ್ರೇಕ್ಷಕ ಮುಂದಿನ ಪೆಟ್ಟಿಗೆ ಕಾಯುತ್ತಾನೆ. ನಟ ಎಂದರೆ ಯೋಜಿಸುವವನೊಬ್ಬ, ಅದನ್ನು ನಡೆಸಿಕೊಡುವ ದೇಹವೊಂದು, ಎರಡರ ಮೊತ್ತ ಎಂದು ಮೆಯರ್‌ಹೋಲ್ಡ್ ಬೀಜಗಣಿತದ ಸೂತ್ರದಂತೆ ಬರೆದ. ಕಾರ್ಖಾನೆಯ ಶ್ರಮವಿಜ್ಞಾನದಿಂದ ಎರವಲು ತಂದ ಪದಗಳು ಆ ಕಾಲದ ಪೋಷಾಕು. ಒಳಗಿದ್ದ ಸರಕು ಬರೋದಿನ್‌ಸ್ಕಾಯಾ ಬೀದಿಯದೇ. ಭಾವವನ್ನು ಒಳಗಿನಿಂದ ಹಿಂಡಿ ತೆಗೆಯಬೇಕಿಲ್ಲ, ಮೈಯ ನಿಲುವು ಸರಿಯಿದ್ದರೆ ಭಾವ ತಾನಾಗಿ ಬರುತ್ತದೆ ಎಂಬ ನಂಬಿಕೆ ಇದರ ತಳಹದಿ.

ಇದರ ಫಲ ಕಂಡದ್ದು 1922ರ ಏಪ್ರಿಲ್ 25ರಂದು, ಕ್ರೊಮ್ಮೆಲಿಂಕ್‌ನ 'ದ ಮ್ಯಾಗ್ನಾನಿಮಸ್ ಕಕೋಲ್ಡ್' ನಾಟಕದಲ್ಲಿ. ಪರದೆ ಇಲ್ಲ, ಹಿಂಗೋಡೆಯ ಇಟ್ಟಿಗೆ ಬರಿದಾಗಿ ಕಾಣುತ್ತದೆ. ನಡುವೆ ಲ್ಯುಬೋವ್ ಪಪೋವಾ ಕಟ್ಟಿದ ಮರದ ಚೌಕಟ್ಟು: ಏಣಿ, ಜಾರುಬಂಡೆ, ತಿರುಗುವ ಬಾಗಿಲು, ಹಿಟ್ಟಿನ ಗಿರಣಿಯ ನೆನಪು ತರುವ ಚಕ್ರಗಳು. ಪಾತ್ರಗಳ ಆವೇಶ ಏರಿದಂತೆ ಚಕ್ರಗಳ ವೇಗವೂ ಏರುತ್ತಿತ್ತು. ನಟರೆಲ್ಲರಿಗೂ ಒಂದೇ ತೆರನಾದ ನೀಲಿ ಕೆಲಸದ ಉಡುಪು, ಮುಖಕ್ಕೆ ಬಣ್ಣವಿಲ್ಲ. ಇಂಥ ಬೋಳು ಯಂತ್ರದ ಮೇಲೆ ಗೆದ್ದವರು ನಟರೇ. ಇಲ್ಯೀನ್‌ಸ್ಕಿ, ಬಬಾನೋವಾ, ಜಾಯ್ಚಿಕೊವ್ ಮೂವರ ಹೊಂದಾಣಿಕೆ ಎಷ್ಟು ಬಿಗಿಯಾಗಿತ್ತೆಂದರೆ ಒಬ್ಬ ವಿಮರ್ಶಕ ಅವರ ಹೆಸರುಗಳ ಮೊದಲಕ್ಷರ ಕೂಡಿಸಿ 'ಇಲ್-ಬಾ-ಜಾಯ್' ಎಂದು ಒಂದೇ ಹೆಸರಿಟ್ಟ. 1924ರಲ್ಲಿ ಅಸ್ತ್ರೋವ್‌ಸ್ಕಿಯ 'ಕಾಡು' ನಾಟಕವನ್ನು 33 ತುಣುಕುಗಳಾಗಿ ಕತ್ತರಿಸಿ ಹೊಸದಾಗಿ ಜೋಡಿಸಿದಾಗ ಪಂಡಿತರು ಸಿಟ್ಟಾದರು, ಜನ ವರ್ಷಗಟ್ಟಲೆ ನೋಡಿದರು.

1926ರ ಡಿಸೆಂಬರ್ 9ರಂದು ಬಂದ ಗೊಗೋಲ್‌ನ 'ಗವರ್ನ್‌ಮೆಂಟ್ ಇನ್ಸ್‌ಪೆಕ್ಟರ್' ಅವನ ಅತ್ಯುನ್ನತ ಸಾಧನೆ. ನಾಟಕವನ್ನು 15 ಪ್ರಸಂಗಗಳಾಗಿ ವಿಂಗಡಿಸಿ, ಗೊಗೋಲ್‌ನ ಕರಡುಗಳಿಂದಲೂ ಬೇರೆ ಬರಹಗಳಿಂದಲೂ ಎಳೆಗಳನ್ನು ಸೇರಿಸಿದ್ದ. ವಿಶಾಲ ರಂಗದಲ್ಲಿ ಅವನು ಬಳಸಿದ್ದು ಹೆಚ್ಚಾಗಿ ಒಂದು ಇಕ್ಕಟ್ಟಾದ, ಮುಂದಕ್ಕೆ ಇಳಿಜಾರಾದ, ಗಾಲಿಗಳ ಮೇಲೆ ಕತ್ತಲಿನಿಂದ ಉರುಳಿ ಬರುವ ವೇದಿಕೆ. ಮೂವತ್ತರಷ್ಟು ಜನ ಅದರ ಮೇಲೆ ಒತ್ತಿಕೊಂಡು ಕೂತಾಗ ಒಂದು ಕೈ, ಒಂದು ಪೈಪು, ಒಂದು ನೋಟ ಅಲುಗಿದರೂ ಎದ್ದು ಕಾಣಬೇಕು. ಇಲ್ಲಿ ನಟ ಒಂದಿಷ್ಟು ಅಳತೆ ತಪ್ಪಿದರೂ ಉಳಿಗಾಲವಿಲ್ಲ. ಹಿಂದೆ ಮಿರುಗುವ ಕೆಂಗಂದು ಬಣ್ಣದ ಬಾಗಿಲುಗಳ ಸಾಲು. ಲಂಚದ ಪ್ರಸಂಗದಲ್ಲಿ ಆ ಬಾಗಿಲುಗಳೆಲ್ಲ ಒಮ್ಮೆಲೇ ತೆರೆದು ಲಂಚದ ಹಣ ಹಿಡಿದ ಕೈಗಳು ಹೊರಚಾಚುತ್ತವೆ. ಊರಿನವರು ಅಧಿಕಾರಿಯೆಂದು ತಪ್ಪಾಗಿ ತಿಳಿದ ಖ್ಲೆಸ್ತಕೊವ್, ಅಂದರೆ ಗಾರಿನ್, ಕೀಲುಗೊಂಬೆಯಂತೆ ನಡೆಯುತ್ತ ಒಂದೊಂದೇ ಕಿತ್ತುಕೊಳ್ಳುತ್ತಾನೆ. ಕೊನೆಗೆ, ನಿಜವಾದ ಅಧಿಕಾರಿ ಬಂದನೆಂಬ ಸುದ್ದಿಗೆ ಊರಿಗೆ ಊರೇ ಕಲ್ಲಾಗಿ ನಿಲ್ಲುವ ದೃಶ್ಯ. ಆ ನಿಶ್ಚಲತೆ ಎಷ್ಟು ಹೊತ್ತಾದರೂ ಮುರಿಯಲಿಲ್ಲ. ನಿಂತಿದ್ದವು ನಟರಲ್ಲ, ಆಳೆತ್ತರದ ಬೊಂಬೆಗಳು ಎಂದು ಪ್ರೇಕ್ಷಕರಿಗೆ ತಡವಾಗಿ ಹೊಳೆಯಿತು. ಇಪ್ಪತ್ತು ವರ್ಷ ಕೇಳಿದ ದೂರಿಗೆ ಅವನು ಕೊಟ್ಟ ಉತ್ತರ ಇದೇ ಎಂದು ಓದಿದರೆ ತಪ್ಪಿಲ್ಲ. ಜೀವಂತ ನಟರು ನಾಲ್ಕು ತಾಸು ಆಡಿದ ಮೇಲೆ ಬರುವ ಬೊಂಬೆ ಎಷ್ಟು ಭೀಕರ ಎಂಬುದು ಅಲ್ಲಿ ಕಾಣುತ್ತಿತ್ತು.

ಅವನು ಕಲಿಸುತ್ತಿದ್ದ ಬಗೆ ಮಾತಿನದಲ್ಲ, ಆಡಿ ತೋರಿಸುವುದು. ಮುದುಕನಿರಲಿ ಹುಡುಗಿಯಿರಲಿ, ಕೋಟು ಬಿಸಾಡಿ ರಂಗಕ್ಕೆ ಹಾರಿ ಇಡೀ ದೃಶ್ಯವನ್ನು ಆಡುತ್ತಿದ್ದ. ತಾಲೀಮು ನೋಡಲು ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ನಟರು ಚೆನ್ನಾಗಿ ಮಾಡಿದರೆ ಕತ್ತಲಿನಿಂದ 'ಖರಶೋ!' (ಚೆನ್ನಾಗಿದೆ!) ಎಂಬ ಕೂಗು. 1936ರಲ್ಲಿ ಪುಶ್ಕಿನ್‌ನ 'ಬೋರಿಸ್ ಗದುನೋವ್' ತಾಲೀಮಿನ ಹೊತ್ತಿನಲ್ಲೂ, ಅರವತ್ತು ದಾಟಿದ ಮೇಲೂ, ಅವನು ಹೀಗೆಯೇ ಇದ್ದನೆಂದು ಅಲೆಕ್ಸಾಂದರ್ ಗ್ಲದ್ಕೋವ್‌ನ ಟಿಪ್ಪಣಿಗಳು ಹೇಳುತ್ತವೆ. ಇದರ ಕೆಡುಕೂ ಇತ್ತು. ಗಟ್ಟಿ ನಟ ತೋರಿಸಿದ್ದನ್ನು ತನ್ನದಾಗಿಸಿಕೊಂಡ, ದುರ್ಬಲ ನಟ ಬರಿಯ ನಕಲು ಮಾಡಿದ. ಮುಖ್ಯ ಪಾತ್ರಗಳೆಲ್ಲ ರೈಖ್‌ಗೆ ಹೋಗತೊಡಗಿದ್ದು ಇನ್ನೊಂದು ಅಸಮಾಧಾನ. 1927ರಲ್ಲಿ ಬಬಾನೋವಾ ಹೋದಳು, ಮೂವತ್ತರ ದಶಕದಲ್ಲಿ ಇಲ್ಯೀನ್‌ಸ್ಕಿ, ಗಾರಿನ್ ಕೂಡ ಹೊರಟರು. ನಟರನ್ನು ಬೆಳೆಸಿದವನಿಗೆ ಅವರನ್ನು ಉಳಿಸಿಕೊಳ್ಳುವ ಗುಣವಿರಲಿಲ್ಲ.

1929ರಲ್ಲಿ ಮಯಕೋವ್‌ಸ್ಕಿಯ 'ತಿಗಣೆ', ಶೊಸ್ತಕೋವಿಚ್‌ನ ಸಂಗೀತದೊಂದಿಗೆ, ಗೆದ್ದಿತು. ಮರುವರ್ಷ ಅಧಿಕಾರಶಾಹಿಯನ್ನು ಗೇಲಿ ಮಾಡಿದ 'ಸ್ನಾನಗೃಹ' ಪತ್ರಿಕೆಗಳ ದಾಳಿಗೆ ಸಿಕ್ಕಿತು. ಆ ಪ್ರಯೋಗದ ಒಂದು ತಿಂಗಳೊಳಗೆ ಮಯಕೋವ್‌ಸ್ಕಿ ಗುಂಡು ಹಾರಿಸಿಕೊಂಡು ಸತ್ತ. ಅದೇ 1930ರಲ್ಲಿ ತಂಡ ಜರ್ಮನಿ, ಪ್ಯಾರಿಸ್ಸಿಗೆ ಹೋಗಿತ್ತು. ಬರ್ಲಿನ್ನಿನಲ್ಲಿ ಮಿಖಾಯಿಲ್ ಚೆಕಾವ್ – ನಾಟಕಕಾರ ಚೆಕಾವ್‌ನ ಅಣ್ಣ ಅಲೆಕ್ಸಾಂದರ್‌ನ ಮಗ, ದೇಶ ಬಿಟ್ಟ ಹೆಸರಾಂತ ನಟ – ಮರಳಿ ಹೋಗಬೇಡ, ಹೋದರೆ ಸಾಯುತ್ತೀಯ ಎಂದು ಎಚ್ಚರಿಸಿದ್ದನ್ನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಮೆಯರ್‌ಹೋಲ್ಡ್ ಮರಳಿದ. 1934ರಲ್ಲಿ 'ಕ್ಯಾಮಿಲಿಯಾಗಳ ಮಹಿಳೆ', 1935ರಲ್ಲಿ ಲೆನಿನ್‌ಗ್ರಾದಿನಲ್ಲಿ ಚೈಕೋವ್‌ಸ್ಕಿಯ 'ಕ್ವೀನ್ ಆಫ್ ಸ್ಪೇಡ್ಸ್' ಆಪೆರಾ ಆಡಿಸಿದ. 1936ರ ಜನವರಿಯಲ್ಲಿ ಪಕ್ಷದ ಪತ್ರಿಕೆ 'ಪ್ರಾವ್ದಾ' ಶೊಸ್ತಕೋವಿಚ್‌ನ ಆಪೆರಾದ ಮೇಲೆ ಬಿದ್ದು ರೂಪವಾದದ ವಿರುದ್ಧ ಸಮರ ಸಾರಿತು. ಎಲ್ಲರೂ ತಪ್ಪೊಪ್ಪಿಗೆಗೆ ಸಾಲುಗಟ್ಟಿದ್ದಾಗ ಮೆಯರ್‌ಹೋಲ್ಡ್ ಮಾರ್ಚಿನಲ್ಲಿ ಲೆನಿನ್‌ಗ್ರಾದಿನ ಭಾಷಣದಲ್ಲಿ ತನ್ನನ್ನು ಕುರುಡಾಗಿ ಅನುಕರಿಸುವವರನ್ನು ಟೀಕಿಸಿ, ಶೊಸ್ತಕೋವಿಚ್‌ನ ಪರವಾಗಿ ಮಾತಾಡಿದ. 1937ರ ಡಿಸೆಂಬರ್ 17ರಂದು 'ಪ್ರಾವ್ದಾ'ದಲ್ಲಿ ಸರ್ಕಾರದ ಕಲಾ ಸಮಿತಿಯ ಮುಖ್ಯಸ್ಥ ಕೆರ್ಜೆಂತ್ಸೆವ್ ಬರೆದ 'ಪರಕೀಯ ಥಿಯೇಟರ್' ಲೇಖನ ಬಂತು. 1938ರ ಜನವರಿಯಲ್ಲಿ ಅವನ ಥಿಯೇಟರನ್ನು ಆದೇಶ ಹೊರಡಿಸಿ ಮುಚ್ಚಿದರು. ಅವನಿಗಾಗಿ ಕಟ್ಟುತ್ತಿದ್ದ ಹೊಸ ರಂಗಮಂದಿರ 1940ರಲ್ಲಿ ಚೈಕೋವ್‌ಸ್ಕಿ ಸಂಗೀತ ಸಭಾಂಗಣವಾಯಿತು.

ಹತ್ತಿರ ಸುಳಿಯಲೂ ಜನ ಹೆದರುತ್ತಿದ್ದಾಗ ಕೆಲಸ ಕೊಟ್ಟವನು ಸ್ತಾನಿಸ್ಲಾವ್‌ಸ್ಕಿ. ತನ್ನ ಆಪೆರಾ ಥಿಯೇಟರಿಗೆ ಅವನನ್ನು ಕರೆದುಕೊಂಡ. 1938ರ ಆಗಸ್ಟ್ 7ರಂದು ಸ್ತಾನಿಸ್ಲಾವ್‌ಸ್ಕಿ ತೀರಿಕೊಂಡ ಮೇಲೆ ಅಲ್ಲಿನ ಹೊಣೆಯನ್ನು ಮೆಯರ್‌ಹೋಲ್ಡ್ ಹೊತ್ತ. ಪರಸ್ಪರ ವಿರುದ್ಧವೆಂದು ಪಠ್ಯಪುಸ್ತಕಗಳು ಬೇರೆಬೇರೆ ಖಾನೆಗೆ ಹಾಕುವ ಇಬ್ಬರೂ ಕೊನೆಗಾಲದಲ್ಲಿ ಒಂದೇ ಪ್ರಶ್ನೆಯ ಬಳಿ ಬಂದಿದ್ದರು. ಸ್ತಾನಿಸ್ಲಾವ್‌ಸ್ಕಿಯೂ ಆಗ ದೈಹಿಕ ಕ್ರಿಯೆಯಿಂದ ಭಾವಕ್ಕೆ ಹೋಗುವ ದಾರಿ ಹುಡುಕುತ್ತಿದ್ದ.

1939ರ ಜೂನಿನಲ್ಲಿ ನಿರ್ದೇಶಕರ ಅಖಿಲ ಸೋವಿಯತ್ ಸಮ್ಮೇಳನದಲ್ಲಿ ಅವನು ಮಾತಾಡಿದ. ಸಮಾಜವಾದಿ ವಾಸ್ತವವಾದವನ್ನು ಅವನು ಅಲ್ಲಿ ಸಿಂಹದಂತೆ ಧಿಕ್ಕರಿಸಿದನೆಂಬ ಒಂದು ಭಾಷಣಪಾಠ ವಿದೇಶದಲ್ಲಿ ಬಹುಕಾಲ ಹರಿದಾಡಿತು. ದಫ್ತರದಲ್ಲಿ ಸಿಕ್ಕ ಲಿಪಿಕಾರರ ವರದಿ ತೋರಿಸುವುದು ಬೇರೆಯೇ: ದಣಿದ, ತಡವರಿಸುವ, ಆಗಾಗ ತಪ್ಪೊಪ್ಪಿಕೊಳ್ಳುವ ಮನುಷ್ಯ. ಜೂನ್ 20ರಂದು ಲೆನಿನ್‌ಗ್ರಾದಿನಲ್ಲಿ ಅವನನ್ನು ಬಂಧಿಸಿದರು. ಜುಲೈ ನಡುವಿನ ಒಂದು ರಾತ್ರಿ ಮಾಸ್ಕೋದ ಬ್ರ್ಯೂಸೊವ್ ಗಲ್ಲಿಯ ಮನೆಗೆ ನುಗ್ಗಿದವರು ರೈಖ್‌ಳನ್ನು ಇರಿದು ಕೊಂದರು. ಸೆರೆಮನೆಯಲ್ಲಿ ಮೆಯರ್‌ಹೋಲ್ಡ್‌ನ ಬಾಯಿಂದ ಬೇಹುಗಾರಿಕೆಯ ತಪ್ಪೊಪ್ಪಿಗೆ ಹೊರಡಿಸಿದರು. ಅವನು ಅದನ್ನು ಹಿಂತೆಗೆದುಕೊಂಡ. ಅರವತ್ತೈದರ ರೋಗಿಷ್ಠ ಮುದುಕನಾದ ತನ್ನನ್ನು ಬೋರಲು ಮಲಗಿಸಿ ಅಂಗಾಲಿಗೂ ಬೆನ್ನಿಗೂ ರಬ್ಬರಿನ ಪಟ್ಟಿಯಿಂದ ಬಡಿದರೆಂದು 1940ರ ಜನವರಿಯಲ್ಲಿ ಪ್ರಧಾನಿ ಮೊಲೊತೊವ್‌ಗೆ ಬರೆದ ದೂರು ಕಡತದಲ್ಲಿದೆ. ಫೆಬ್ರವರಿ 1ರಂದು ಮುಚ್ಚಿದ ಕೋಣೆಯ ವಿಚಾರಣೆ, 2ರಂದು ಗುಂಡೇಟು. ದೊನ್‌ಸ್ಕೊಯೆ ಸ್ಮಶಾನದ ಸಾಮೂಹಿಕ ಗುಂಡಿಯಲ್ಲಿ ಬೂದಿ ಸೇರಿತು.

1955ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಮಾಡಿತು. ಆವರೆಗೂ ಅವನ ಹೆಸರು ರಂಗಚರಿತ್ರೆಯಿಂದ ಅಳಿಸಿಹೋಗಿತ್ತು. ಆದರೆ ಕಾಗದಪತ್ರ ಅಳಿದಿರಲಿಲ್ಲ: ರೈಖ್‌ಳ ಮಗಳು ತತ್ಯಾನಾ ಅವನ್ನು ಕಾಪಾಡಿ ಐಸೆನ್‌ಸ್ಟೈನ್‌ಗೆ ಒಪ್ಪಿಸಿದ್ದಳು. ಅವನು ಅಪಾಯವೆಂದು ತಿಳಿದೂ ತನ್ನ ಹಳ್ಳಿಮನೆಯಲ್ಲಿ ಬಚ್ಚಿಟ್ಟ. ಅವು ಈಗ ಮಾಸ್ಕೋದ ಸರ್ಕಾರಿ ಸಾಹಿತ್ಯ ದಫ್ತರದಲ್ಲಿವೆ. ಕಾಗದದಲ್ಲಿ ಇಳಿಯದ ಭಾಗ, ಅಂದರೆ ಅಭ್ಯಾಸದ ಕ್ರಿಯೆಗಳು, ಉಳಿದದ್ದು ಹಳೆಯ ಶಿಷ್ಯ ನಿಕಲಾಯ್ ಕುಸ್ತೋವ್‌ನ ಮೈಯಲ್ಲಿ. 1970ರ ದಶಕದಲ್ಲಿ, ತಾನೂ ಮೆಯರ್‌ಹೋಲ್ಡ್‌ನ ತಂಡದಲ್ಲಿ ಆಡಿದ್ದ ವಲೆಂತೀನ್ ಪ್ಲೂಚೆಕ್ ಮಾಸ್ಕೋದ ಸಟೈರ್ ಥಿಯೇಟರಿನ ಕೆಲವು ಎಳೆಯ ನಟರಿಗೆ ಅವನ್ನು ಕಲಿಸಲು ಕುಸ್ತೋವ್‌ನನ್ನು ಕರೆಸಿದ. ಆ ನಟರಲ್ಲಿದ್ದ ಅಲೆಕ್ಸೇಯ್ ಲೆವಿನ್‌ಸ್ಕಿ ಮತ್ತು ಗೆನ್ನಾದಿ ಬಗ್ದಾನೊವ್ ಮುಂದೆ ರಷ್ಯದಲ್ಲೂ ಯುರೋಪಿನ ನಾಟಕಶಾಲೆಗಳಲ್ಲೂ ಬಯೋಮೆಕ್ಯಾನಿಕ್ಸ್ ಕಲಿಸಿದರು. ಇಂದು ಅದನ್ನು ಅಭ್ಯಾಸ ಮಾಡುವ ನಟರಲ್ಲಿ ಬಹುಪಾಲು ಮಂದಿಯ ಪಾಠ ಈ ಇಬ್ಬರಿಂದ ಬಂದದ್ದು.